ಕಣ್ಣಳತೆಗೆ ಸಿಗದ ರಕ್ತ

ಹೆರಿಗೆಯಾದ ಹೆಣ್ಣಿಗೆ ಎಷ್ಟು ರಕ್ತ ಹೋಯಿತು? ನಮ್ಮ ಹೆರಿಗೆ ಕೋಣೆಗಳಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಇರುವ ಉತ್ತರಗಳು ಎರಡೇ: ‘ಹೋಗೋವಷ್ಟು ಹೋಯ್ತು’, ಇಲ್ಲವೇ ‘ಸ್ವಲ್ಪ ಜಾಸ್ತಿ ಹೋಯ್ತು’. ಕೇಸ್ ಶೀಟಿನಲ್ಲಿ ಒಂದು ಅಂಕಿ ಬರೆದಿರುತ್ತಾರೆ ನಿಜ. ಇನ್ನೂರು ಮಿಲಿಲೀಟರ್, ಇನ್ನೂರೈವತ್ತು, ಹೆಚ್ಚೆಂದರೆ ಮುನ್ನೂರು. ಅದನ್ನು ಯಾರೂ ಅಳೆದಿರುವುದಿಲ್ಲ, ನೋಡಿ ಅಂದಾಜಿಸಿರುತ್ತಾರೆ. ಆ ಅಂದಾಜು ತಪ್ಪಾದರೆ ಒಂದು ಜೀವ ಹೋಗಬಹುದು ಎಂಬುದು ಬರೆಯುವ ಕೈಗೂ ಗೊತ್ತು. ಆದರೂ ಅದಕ್ಕೆ ಬೇರೆ ದಾರಿ ಇರಲಿಲ್ಲ.

ರೋಗಿಯ ಸುರಕ್ಷತೆ ಎಂದಾಗ ನಮ್ಮ ಮನಸ್ಸು ನೇರವಾಗಿ ತಪ್ಪಿತಸ್ಥರ ಕಡೆಗೆ ಹೋಗುತ್ತದೆ. ಯಾರ ನಿರ್ಲಕ್ಷ್ಯ, ಯಾರನ್ನು ಅಮಾನತು ಮಾಡಬೇಕು, ಯಾರ ಮೇಲೆ ಕೇಸು. ನಿರ್ಲಕ್ಷ್ಯ ಇಲ್ಲವೆಂದಲ್ಲ, ಇದೆ. ಆದರೆ ಆಸ್ಪತ್ರೆಗಳಲ್ಲಿ ಆಗುವ ಹಾನಿಯ ಬಹುಪಾಲು ಕೆಟ್ಟವರಿಂದ ಆಗುವುದಲ್ಲ; ಒಳ್ಳೆಯವರು, ದಣಿದವರು, ಕಲಿತವರು, ಕಾಣಬೇಕಾದದ್ದನ್ನು ಸಕಾಲಕ್ಕೆ ಕಾಣಲಾಗದೆ ಆಗುವುದು. ಇದನ್ನು ನಂಬುವುದು ಕಷ್ಟ, ಅದರಲ್ಲೂ ಮಗಳನ್ನು ಕಳೆದುಕೊಂಡ ಮನೆಯವರಿಗೆ. ಹಾಗಾಗಿ ಸಿದ್ಧಾಂತ ಬದಿಗಿಟ್ಟು, ಒಂದು ಪ್ಲಾಸ್ಟಿಕ್ ಚೀಲದ ಹಿಂದೆ ಹೋಗೋಣ. ಅದರ ಹಾದಿಯ ಬಹುಮುಖ್ಯ ಘಟ್ಟವೊಂದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿದೆ.

ಮೊದಲು ದೇಹದ ವಿಷಯ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ಪ್ರತಿ ನಿಮಿಷ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಗರ್ಭಕೋಶದ ಮಾಂಸದ ಎಳೆಗಳು ಹೆಣೆದುಕೊಂಡಂತೆ ಜೋಡಣೆಯಾಗಿವೆ. ಅವು ಬಿಗಿದುಕೊಂಡರೆ ನಡುವಿನ ನಾಳಗಳು ಹಿಂಡಿಕೊಂಡು ರಕ್ತ ನಿಲ್ಲುತ್ತದೆ. ಕೋಟ್ಯಂತರ ಹೆರಿಗೆಗಳಲ್ಲಿ ಆಗುವುದು ಇದೇ. ಕೆಲವರಲ್ಲಿ ಮಾತ್ರ ಗರ್ಭಕೋಶ ಸಡಿಲವಾಗಿಯೇ ಉಳಿಯುತ್ತದೆ. ಹೆರಿಗೆ ದೀರ್ಘವಾಗಿರಬಹುದು, ಅವಳಿ ಮಕ್ಕಳಿರಬಹುದು, ಮಾಸಿನ ಚೂರು ಒಳಗೇ ಉಳಿದಿರಬಹುದು. ಎಷ್ಟೋ ಸಲ ಯಾವ ಮುನ್ಸೂಚನೆಯೂ ಇರುವುದಿಲ್ಲ. ಮೊದಲೆರಡು ಹೆರಿಗೆ ಸಲೀಸಾಗಿ ಆದವಳಿಗೂ ಮೂರನೆಯದರಲ್ಲಿ ಹೀಗಾಗಬಹುದು.

ಹೆರಿಗೆಯ ನಂತರ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿರಕ್ತಸ್ರಾವ ಎನ್ನುತ್ತಾರೆ. ಆಸ್ಪತ್ರೆಯವರ ಬಾಯಲ್ಲಿ ಅದು ಪಿಪಿಎಚ್. ಜಗತ್ತಿನಲ್ಲಿ ತಾಯಂದಿರ ಸಾವಿಗೆ ಇರುವ ಕಾರಣಗಳಲ್ಲಿ ಇದು ಮುಂಚೂಣಿಯದು. ಇದರ ಅಪಾಯವನ್ನು ಇಮ್ಮಡಿಸುವುದು ಎಳೆಯ ದೇಹದ ತಾಳಿಕೆಯೇ. ರಕ್ತ ಸೋರುತ್ತಿದ್ದರೂ ನಾಳಗಳು ಬಿಗಿದುಕೊಂಡು, ಹೃದಯ ಬೇಗ ಬೇಗ ಬಡಿದು, ಬಿಪಿಯನ್ನು ಬಹಳ ಹೊತ್ತು ಸರಿಯಾಗಿಯೇ ಇಟ್ಟಿರುತ್ತವೆ. ಹೊರನೋಟಕ್ಕೆ ಬಾಣಂತಿ ಚೆನ್ನಾಗಿರುತ್ತಾಳೆ, ಮಗು ಯಾರ ಹಾಗಿದೆ ಎಂದು ಕೇಳುತ್ತಾಳೆ. ಒಂದು ಲೀಟರ್ ದಾಟಿದ ಮೇಲೆ ಆ ತಾಳಿಕೆ ಒಮ್ಮೆಲೇ ಮುರಿಯುತ್ತದೆ. ‘ಈಗ ತಾನೇ ಮಾತಾಡ್ತಿದ್ಲು’ ಎಂದು ಮನೆಯವರು ಅಳುತ್ತಾ ಹೇಳುವ ಮಾತು ಅಕ್ಷರಶಃ ನಿಜ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅಷ್ಟು ಹೊತ್ತೂ ಸಿಗುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆಯಿದೆ. ಅವರಿಗೆ 500 ಎಂಬ ಗೆರೆ ಬಹಳ ಉದಾರವಾದದ್ದು.

ಬಿಪಿ ನಂಬುವ ಹಾಗಿಲ್ಲ, ಮುಖ ನೋಡಿ ಹೇಳುವ ಹಾಗಿಲ್ಲ ಎಂದಮೇಲೆ ಉಳಿಯುವುದು ಹೋದ ರಕ್ತವನ್ನೇ ನೋಡುವುದು. ಅದು ಎಲ್ಲೆಲ್ಲಿ ಹೋಗಿರುತ್ತದೆ ನೋಡಿ: ಸ್ವಲ್ಪ ಬಟ್ಟೆಗೆ, ಸ್ವಲ್ಪ ಹತ್ತಿಗೆ, ಸ್ವಲ್ಪ ಕೆಳಗಿನ ಬಕೆಟ್ಟಿಗೆ. ಬಕೆಟ್ಟಿನಲ್ಲಿ ನೆತ್ತಿನೀರೂ ಮೂತ್ರವೂ ಬೆರೆತಿರುತ್ತವೆ. ಒಂದು ಚೊಂಬು ನೀರನ್ನು ಕಂಬಳಿಯ ಮೇಲೆ ಚೆಲ್ಲಿ, ಒದ್ದೆಯಾದ ಜಾಗ ನೋಡಿ ನೀರಿನ ಪ್ರಮಾಣ ಹೇಳಿ ಎಂದರೆ ಎಷ್ಟು ಜನ ಸರಿಯಾಗಿ ಹೇಳಿಯಾರು? ಇಪ್ಪತ್ತು ವರ್ಷ ಅನುಭವವಿರುವ ತಜ್ಞರೂ ಇಲ್ಲಿ ಎಡವುತ್ತಾರೆ. ಎಡವುವುದು ಒಂದೇ ದಿಕ್ಕಿಗೆ: ರಕ್ತ ಹೆಚ್ಚು ಹೋದಷ್ಟೂ ಕಣ್ಣು ಕಡಿಮೆ ಹೇಳುತ್ತದೆ.

ಇನ್ನು ಬೆಳಗಾವಿಗೆ ಬರೋಣ. 2002ರ ಹೊತ್ತಿಗೆ ಜಿಲ್ಲೆಯ ಹಳ್ಳಿಗಳಲ್ಲಿ ಬಹಳಷ್ಟು ಹೆರಿಗೆಗಳು ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿದ್ದವು. ರಾಜ್ಯದ ಮಟ್ಟದಲ್ಲೂ ಅಂದಿಗೆ ಮೂರು ನಾಲ್ಕು ವರ್ಷಗಳ ಹಿಂದಿನ ಸಮೀಕ್ಷೆಯಂತೆ ಸುಮಾರು ಅರ್ಧದಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ. ರಕ್ತ ನಿಲ್ಲಿಸುವ ಮುಖ್ಯ ಔಷಧ ಆಕ್ಸಿಟೋಸಿನ್ ಚುಚ್ಚುಮದ್ದು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಚುಚ್ಚಲು ಬರಬೇಕು. ಕರೆಂಟಿಲ್ಲದ ಊರಿನ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ ಕೈಗೆ ಅದು ಸಿಗುವಂಥದ್ದಲ್ಲ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಈ ಯಾವ ತಂಟೆಯೂ ಇಲ್ಲ. ಚೀಲದಲ್ಲಿಟ್ಟುಕೊಂಡು ಹೋಗಬಹುದು, ನುಂಗಿಸಬಹುದು. ಆದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ?

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ, ಮೃತ್ಯುಂಜಯ ಬೆಲ್ಲದ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ತಂಡದೊಂದಿಗೆ ಸೇರಿ ಇದನ್ನು ಪರೀಕ್ಷೆಗೆ ಒಡ್ಡಿದರು. 1,620 ತಾಯಂದಿರು. ಅರ್ಧದಷ್ಟು ಜನರಿಗೆ ಮಾತ್ರೆ, ಉಳಿದರ್ಧಕ್ಕೆ ಅದೇ ರೂಪದ ಔಷಧವಿಲ್ಲದ ಮಾತ್ರೆ. ಕೊಡುವವರು ಹಳ್ಳಿಯ ಎಎನ್‌ಎಂಗಳು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಅತಿರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು, ಲೀಟರಿಗೂ ಮೀರಿದ ತೀವ್ರ ಸ್ರಾವ 1.2ರಿಂದ 0.2ಕ್ಕೆ. ಮಾತ್ರೆ ನುಂಗಿದವರಿಗೆ ಚಳಿಜ್ವರ ಹೆಚ್ಚಾಗಿ ಬಂತು, ಬಂದು ಹೋಯಿತು. ಮನೆಯ ಹೆರಿಗೆಯಲ್ಲೂ, ವೈದ್ಯರಿಲ್ಲದ ಜಾಗದಲ್ಲೂ ತಾಯಿಯನ್ನು ಕಾಯಬಹುದು ಎಂಬುದಕ್ಕೆ ಸಿಕ್ಕ ಗಟ್ಟಿ ಸಾಕ್ಷಿ ಅದು.

ಮಾತ್ರೆಯ ಕಥೆ ಪ್ರಸಿದ್ಧ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅದರ ಹಿಂದಿನ ಚಿಕ್ಕ ಸಂಗತಿ. ರಕ್ತ ಕಡಿಮೆಯಾಯಿತೋ ಇಲ್ಲವೋ ತಿಳಿಯಬೇಕಾದರೆ ಮೊದಲು ಅಳೆಯಬೇಕಲ್ಲ? ಅದಕ್ಕೆಂದೇ ಆ ತಂಡ ಒಂದು ಸಾಧನ ಮಾಡಿಕೊಂಡಿತ್ತು. ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಂತೆ ಕಿರಿದಾಗುವ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಮಗು ಹುಟ್ಟಿ ನೆತ್ತಿನೀರು ಹರಿದುಹೋದ ಮೇಲೆ ಅದನ್ನು ತಾಯಿಯ ಸೊಂಟದಡಿ ಹಾಸಿ, ದಾರ ಕಟ್ಟಿ, ಚೀಲವನ್ನು ಮೇಜಿನಂಚಿನಿಂದ ಕೆಳಗೆ ಇಳಿಬಿಟ್ಟರೆ ಹೋದ ರಕ್ತವೆಲ್ಲ ಒಂದೇ ಕಡೆ ಸೇರುತ್ತದೆ. ಸಂಶೋಧಕರ ಹೆಸರುಗಳ ಮೊದಲಕ್ಷರ ಕೂಡಿಸಿ ಅದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಅದೇ ತಂಡ ಕಣ್ಣಳತೆಯನ್ನೂ ಚೀಲದ ಅಳತೆಯನ್ನೂ ಹೋಲಿಸಿ ನೋಡಿತು. ಕಣ್ಣು ಹೇಳಿದ್ದು ಚೀಲ ತೋರಿಸಿದ್ದಕ್ಕಿಂತ ನೂರಕ್ಕೆ 33ರಷ್ಟು ಕಡಿಮೆ. ಅಂದರೆ ಮುನ್ನೂರೈವತ್ತು ಎಂದು ಬರೆದ ಕಡೆ ನಿಜವಾಗಿ ಹೋಗಿದ್ದು ಐನೂರರ ಸುತ್ತಮುತ್ತ. ಒಂದು ಅಂಕಿಗೆ ‘ಏನೂ ತೊಂದರೆಯಿಲ್ಲ’, ಇನ್ನೊಂದಕ್ಕೆ ‘ಓಡಿ ಬನ್ನಿ’.

ಹಾಗಾದರೆ ಎಲ್ಲ ಹೆರಿಗೆ ಕೋಣೆಗೂ ಚೀಲ ಕೊಟ್ಟುಬಿಟ್ಟರೆ ಆಯಿತಲ್ಲ ಎನಿಸುತ್ತದೆ. ಯುರೋಪಿನವರಿಗೂ ಹಾಗೇ ಅನಿಸಿತ್ತು. ಹದಿಮೂರು ದೇಶಗಳಲ್ಲಿ 25,000ಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಪರೀಕ್ಷೆಯೊಂದು ನಡೆಯಿತು: ಕೆಲವು ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹಿಸುವ ಚೀಲ, ಇನ್ನು ಕೆಲವಲ್ಲಿ ಎಂದಿನ ಕಣ್ಣಳತೆ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ತೀವ್ರ ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಇದು ನಿರಾಶೆಯ ಸುದ್ದಿಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಈ ಇಡೀ ಕಥೆಯ ನಡುಗಂಬ ಅದೇ. ಅಂಕಿ ತಿಳಿಯುವುದು ಒಂದು, ಅಂಕಿ ತಿಳಿದ ಕೂಡಲೇ ಯಾರು ಏನು ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿರುವುದು ಇನ್ನೊಂದು. ಎರಡನೆಯದಿಲ್ಲದ ಮೊದಲನೆಯದು ಕೇಸ್ ಶೀಟಿನಲ್ಲಿ ಒಂದು ನಿಖರವಾದ ಸಂಖ್ಯೆಯಾಗಿ ಉಳಿಯುತ್ತದೆ, ಅಷ್ಟೇ.

ಇದೇ ಪಾಠ ಬೇರೊಂದು ದಾರಿಯಲ್ಲೂ ಬಂತು. ವಿಮಾನ ಹಾರಿಸುವವರು ಹಾರುವ ಮುಂಚೆ ಪಟ್ಟಿ ಓದಿ ಒಂದೊಂದಕ್ಕೂ ಸರಿ ಎನ್ನುವ ಪದ್ಧತಿಯನ್ನು ಆಸ್ಪತ್ರೆಗೆ ತಂದವರಲ್ಲಿ ಶಸ್ತ್ರವೈದ್ಯ ಅತುಲ್ ಗವಾಂಡೆ ಮುಖ್ಯರು. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆ ತಾಳೆಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. 2009ರ ಆ ವರದಿ ಜಗತ್ತನ್ನೇ ಬೆರಗುಗೊಳಿಸಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಸ್ಪತ್ರೆಗಳೆಲ್ಲ ಅದೇ ಪಟ್ಟಿಯನ್ನು ಅಳವಡಿಸಿಕೊಂಡ ಮೇಲೆ, 2014ರಲ್ಲಿ ಬಂದ ಲೆಕ್ಕದಲ್ಲಿ ಸಾವು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಪಟ್ಟಿ ಬಂದಿತ್ತು, ಟಿಕ್ ಬಿದ್ದಿತ್ತು. ಟಿಕ್ ಹಾಕುವುದು ಸುಲಭ. ‘ನಿಲ್ಲಿ ಡಾಕ್ಟ್ರೇ, ಇನ್ನೊಂದ್ಸಲ ನೋಡೋಣ’ ಎಂದು ನರ್ಸ್ ಹೇಳುವಂಥ ವಾತಾವರಣ ತರುವುದು ಸುಲಭವಲ್ಲ.

ಹೆರಿಗೆಗೂ ಅಂಥದೇ ಒಂದು ಪಟ್ಟಿ ಬಂತು. ಅದರ ಆರಂಭದ ಪ್ರಯೋಗಗಳಲ್ಲೊಂದು ನಡೆದದ್ದು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ. ಪ್ರತಿ ಹೆರಿಗೆಯಲ್ಲೂ ಮಾಡಲೇಬೇಕಾದ 29 ಕೆಲಸಗಳನ್ನು ಗುರುತಿಸಿಕೊಂಡಿದ್ದರು. ಕೈ ತೊಳೆಯುವುದು, ಬಿಪಿ ನೋಡುವುದು, ಆಕ್ಸಿಟೋಸಿನ್ ಕೊಡುವುದು ಇಂಥವೇ. ಪಟ್ಟಿ ಬರುವ ಮುಂಚೆ ಸರಾಸರಿ 10 ಕೆಲಸ ಆಗುತ್ತಿದ್ದವು, ಬಂದ ಮೇಲೆ 25. ಅದೇ ಸಿಬ್ಬಂದಿ, ಅದೇ ಕಟ್ಟಡ. ಈ ಉತ್ಸಾಹದಲ್ಲಿ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಆಸ್ಪತ್ರೆಗಳಲ್ಲಿ ದೊಡ್ಡ ಪರೀಕ್ಷೆಗೆ ಇಳಿದರು. ಒಂದೂವರೆ ಲಕ್ಷಕ್ಕೂ ಮಿಕ್ಕಿ ಹೆರಿಗೆಗಳು, ಸಿಬ್ಬಂದಿಗೆ ತರಬೇತುದಾರರ ಭೇಟಿಗಳು. 2017ರ ಕೊನೆಗೆ ಫಲಿತಾಂಶ ಬಂತು. ಸಿಬ್ಬಂದಿಯ ಕೆಲಸ ಸುಧಾರಿಸಿತ್ತು. ತರಬೇತುದಾರರು ಬರುವುದು ನಿಂತ ಮೇಲೆ ಆ ಸುಧಾರಣೆಯಲ್ಲೂ ಒಂದು ಪಾಲು ಜಾರಿತ್ತು. ತಾಯಿ, ಮಗುವಿನ ಸಾವು ಮತ್ತು ತಾಯಿಯ ಗಂಭೀರ ತೊಡಕುಗಳನ್ನು ಸೇರಿಸಿದ ಲೆಕ್ಕದಲ್ಲಿ ಪಟ್ಟಿಯಿದ್ದ ಕಡೆ ನೂರಕ್ಕೆ 15.1, ಇಲ್ಲದ ಕಡೆ 15.3. ಏನೂ ಬದಲಾಗಿರಲಿಲ್ಲ. ಪಟ್ಟಿ ನೆನಪಿಸಬಲ್ಲದು. ಬೇಕಾದ ಔಷಧವನ್ನು ಅದು ತಂದಿಡಲಾರದು, ರಾತ್ರಿ ಎರಡಕ್ಕೆ ರಕ್ತ ಹೊಂದಿಸಲಾರದು, ಮುಂದಿನ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರನ್ನು ಕೂರಿಸಲಾರದು.

ಇಷ್ಟೆಲ್ಲ ಸೋಲುಗಳ ಪಾಠ ಕಲಿತು ರೂಪುಗೊಂಡ ಪ್ರಯತ್ನವೇ ಇ-ಮೋಟಿವ್. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು ಅದರ ವ್ಯಾಪ್ತಿಯಲ್ಲಿದ್ದವು. ಬೆಳಗಾವಿಯಲ್ಲಿ ಅಳತೆಗೆ ಬಳಕೆಯಾದಂಥದೇ ಗೆರೆಚೀಲ ಅಲ್ಲೂ ಇತ್ತು. ಆದರೆ ಆ ಚೀಲದ ಮೇಲೆ ಎರಡು ಗೆರೆಗಳಿಗೆ ವಿಶೇಷ ಅರ್ಥವಿತ್ತು. 300 ದಾಟಿದರೆ ಎಚ್ಚರಿಕೆ: ನಾಡಿ, ಬಿಪಿ ಅಥವಾ ಸ್ರಾವದ ರೀತಿಯಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ಕೂಡಲೇ ಚಿಕಿತ್ಸೆ. 500 ಮುಟ್ಟಿದರೆ ಮತ್ತೇನೂ ನೋಡುವ ಹಾಗಿಲ್ಲ, ಚಿಕಿತ್ಸೆ ಶುರು. ಮೊದಲ ಒಂದು ಗಂಟೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಚೀಲವನ್ನೂ ತಾಯಿಯನ್ನೂ ನೋಡಿ ಬರೆಯಬೇಕು.

ಚಿಕಿತ್ಸೆ ಎಂದರೆ ಹೊಸತೇನಲ್ಲ. ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ತಿಕ್ಕಿ ಬಿಗಿಗೊಳಿಸುವುದು, ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಹರಿದಿದೆಯೇ ಮಾಸು ಉಳಿದಿದೆಯೇ ಎಂದು ಪರೀಕ್ಷೆ, ನಿಲ್ಲದಿದ್ದರೆ ಮೇಲಿನವರಿಗೆ ಕರೆ. ಇವೆಲ್ಲ ಪಠ್ಯಪುಸ್ತಕದಲ್ಲಿ ಇದ್ದವೇ. ಎಂದಿನ ಪದ್ಧತಿಯಲ್ಲಿ ಒಂದು ಕೊಟ್ಟು ಕಾಯುತ್ತಿದ್ದರು, ನಿಲ್ಲದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು. ಕಾಯುವ ಆ ಇಪ್ಪತ್ತು ಮೂವತ್ತು ನಿಮಿಷಗಳಲ್ಲೇ ಕೈ ಮೀರುತ್ತಿತ್ತು. ಟ್ರಾನೆಕ್ಸಾಮಿಕ್ ಆಸಿಡ್ಡಿನ ವಿಷಯದಲ್ಲಂತೂ ಇದು ಗಡಿಯಾರದ ಜತೆಗಿನ ಓಟ. 20,000 ತಾಯಂದಿರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಗುಣ ಕಂಡದ್ದು ಮೂರು ಗಂಟೆಯೊಳಗೆ ಕೊಟ್ಟಾಗ. ಇ-ಮೋಟಿವ್ ಹೇಳಿದ್ದು: ಸಾಲಾಗಿ ಬೇಡ, ಒಟ್ಟಿಗೇ ಕೊಡಿ. ಎಲ್ಲವನ್ನೂ ಒಂದೇ ಟ್ರೇಯಲ್ಲಿ ಜೋಡಿಸಿಡಿ. ಬೀರುವಿನ ಬೀಗದ ಕೈ ಹುಡುಕುವ ಹಾಗಿರಬಾರದು. ಡಾಕ್ಟರು ಬರುವ ತನಕ ಕಾಯಬೇಡಿ, ಅಲ್ಲಿರುವ ನರ್ಸೇ ಶುರು ಮಾಡಲಿ.

2023ರ ಮೇ ತಿಂಗಳಲ್ಲಿ ಬಂದ ಫಲಿತಾಂಶವನ್ನು ಓದಿದವರು ಇನ್ನೊಮ್ಮೆ ಓದಿರಬೇಕು. ಲೀಟರ್ ಮೀರಿದ ಸ್ರಾವ, ರಕ್ತಸ್ರಾವಕ್ಕಾಗಿ ಹೊಟ್ಟೆ ತೆರೆಯಬೇಕಾಗಿ ಬಂದದ್ದು, ರಕ್ತಸ್ರಾವದಿಂದಾದ ಸಾವು, ಈ ಮೂರೂ ಸೇರಿದ ಲೆಕ್ಕ ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ನೂರಕ್ಕೆ 4.3 ಇತ್ತು; ಹೊಸ ಪದ್ಧತಿಯವುಗಳಲ್ಲಿ 1.6. ಶೇಕಡಾ 60ರಷ್ಟು ಇಳಿಕೆ. ಅದಕ್ಕಿಂತಲೂ ಕಣ್ಣು ತೆರೆಸುವ ಅಂಕಿ ಇನ್ನೊಂದಿದೆ. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲೂ ಗೆರೆಯಿಲ್ಲದ ಚೀಲ ಹಾಸಿ, ಆಮೇಲೆ ತೂಕ ಮಾಡಿ ನಿಜವಾದ ಪ್ರಮಾಣ ಲೆಕ್ಕ ಹಾಕುತ್ತಿದ್ದರು. ಹಾಗಾಗಿ ಅಲ್ಲಿಯ ಸಿಬ್ಬಂದಿ ಎಷ್ಟು ಅತಿರಕ್ತಸ್ರಾವಗಳನ್ನು ಗುರುತಿಸಿದರು ಎಂಬುದು ಗೊತ್ತಾಯಿತು: ನೂರಕ್ಕೆ 51. ಉಳಿದ ಅರ್ಧದಷ್ಟು ತಾಯಂದಿರು ಎಲ್ಲರ ಕಣ್ಣೆದುರೇ ಸೋರುತ್ತಿದ್ದರು, ಯಾರಿಗೂ ತಿಳಿಯಲಿಲ್ಲ. ಗೆರೆಚೀಲವಿದ್ದ ಕಡೆ ಗುರುತಿಸಿದ್ದು ನೂರಕ್ಕೆ 93. ಅಲ್ಲಿನ ನರ್ಸುಗಳು ಹಳೆಯ ಪದ್ಧತಿಯ ಆಸ್ಪತ್ರೆಯವರಿಗಿಂತ ಹೆಚ್ಚು ಕಾಳಜಿಯವರಾಗಿದ್ದರೇ? ಖಂಡಿತ ಇಲ್ಲ. ಅವೇ ದೇಶಗಳ, ಒಂದೇ ದರ್ಜೆಯ ಆಸ್ಪತ್ರೆಗಳು ಅವು.

ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೆರೆಚೀಲವನ್ನೂ ಒಟ್ಟಿಗೇ ಕೊಡುವ ಚಿಕಿತ್ಸೆಯನ್ನೂ ಶಿಫಾರಸು ಮಾಡಿತು. 300ರ ಎಚ್ಚರಿಕೆ ಗೆರೆಯೂ 2025ರಲ್ಲಿ ಅದರ ಮಾರ್ಗಸೂಚಿಯೊಳಗೆ ಬಂತು. ಇದು ಸಹಜ ಹೆರಿಗೆಗೆ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು. ಕರ್ನಾಟಕದಲ್ಲಿ ಈಗ ಹೆಚ್ಚುಕಡಿಮೆ ಮೂರರಲ್ಲೊಂದು ಹೆರಿಗೆ ಸಿಸೇರಿಯನ್. ಅಲ್ಲಿ ರಕ್ತ ಹೀರುವ ಯಂತ್ರಕ್ಕೆ, ಬಟ್ಟೆಗೆ, ನೆಲಕ್ಕೆ ಹೋಗುತ್ತದೆ; ಅಳೆಯುವುದು ಇನ್ನೂ ಕಷ್ಟ.

ನಮ್ಮ ಸ್ಥಿತಿ ಹೇಗಿದೆ? ಒಳ್ಳೆಯದನ್ನು ಮೊದಲು ಹೇಳಬೇಕು. 2004–06ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2019–21ರ ಹೊತ್ತಿಗೆ ಅದು 63ಕ್ಕೆ ಇಳಿದಿತ್ತು. ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸು, ಹೆರಿಗೆಗೆ ಆಸ್ಪತ್ರೆಗೇ ಹೋಗಬೇಕೆಂಬ ತಿಳಿವಳಿಕೆ, ಎಲ್ಲದರ ಶ್ರಮ ಇದರಲ್ಲಿದೆ. ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಆದರೂ ಕೇರಳ, ತಮಿಳುನಾಡಿನ ಲೆಕ್ಕಕ್ಕೆ ಹೋಲಿಸಿದರೆ ನಾವು ಹಿಂದಿದ್ದೇವೆ. ತಾಯಂದಿರನ್ನು ಆಸ್ಪತ್ರೆಗೆ ತಲುಪಿಸುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಆಸ್ಪತ್ರೆಯೊಳಗೆ ಅವರನ್ನು ಕಾಯುವ ಕೆಲಸ ಬೇರೆಯದು, ಅದಕ್ಕೆ ಬೇರೆ ಶಿಸ್ತು ಬೇಕು. 2017ರಲ್ಲಿ ಶುರುವಾದ ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮದ ಗುರಿಯೂ ಹೆರಿಗೆ ಕೋಣೆಯ ಗುಣಮಟ್ಟವೇ.

ಆ ಶಿಸ್ತು ಎಲ್ಲೆಲ್ಲಿ ಬೇಕೆಂಬುದನ್ನು ಬಳ್ಳಾರಿ ನೋವಿನಿಂದ ಕಲಿಸಿತು. 2024ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅನುಮಾನ ಹೋದದ್ದು ರಿಂಗರ್ಸ್ ಲ್ಯಾಕ್ಟೇಟ್ ಎಂಬ ಸಾಮಾನ್ಯ ಡ್ರಿಪ್ ದ್ರಾವಣದ ಕಡೆಗೆ. ಅದನ್ನು ಸರಬರಾಜು ಮಾಡಿದ ಕಂಪನಿಯ ಕೆಲವು ಬ್ಯಾಚುಗಳ ಬಗ್ಗೆ ಅದಕ್ಕೂ ಮುಂಚೆಯೇ ಪ್ರಶ್ನೆಗಳೆದ್ದಿದ್ದವು ಎಂಬುದು ಆಮೇಲೆ ಎಲ್ಲರಿಗೂ ತಿಳಿಯಿತು. ಜೀವ ಉಳಿಸುವ ಚಿಕಿತ್ಸೆಯ ಪಟ್ಟಿಯಲ್ಲಿ ಡ್ರಿಪ್ ಕೂಡ ಇದೆ. ಬಾಟಲಿಯನ್ನು ಸ್ಟ್ಯಾಂಡಿಗೆ ಏರಿಸುವ ನರ್ಸ್ ಅದರೊಳಗೇನಿದೆ ಎಂದು ಪರೀಕ್ಷಿಸಲಾರಳು. ಉಗ್ರಾಣದಿಂದ ಬಂದದ್ದನ್ನು ನಂಬಲೇಬೇಕು. ಆ ನಂಬಿಕೆಯನ್ನು ಕಾಯಬೇಕಾದವರು ಖರೀದಿಯವರು, ಔಷಧ ನಿಯಂತ್ರಕರು, ಪ್ರಯೋಗಾಲಯದವರು. ಒಂದೂರಿನಲ್ಲಿ ಡ್ರಿಪ್ ಹಾಕಿದ ಮೇಲೆ ಇಬ್ಬರಿಗೆ ಚಳಿ ನಡುಕ ಬಂದು ಮೂತ್ರ ನಿಂತರೆ, ಆ ಸುದ್ದಿ ಅಂದೇ ಬೇರೆ ಜಿಲ್ಲೆಗಳಿಗೂ ಮುಟ್ಟಬೇಕು. ಔಷಧದಿಂದಾದ ತೊಂದರೆಯನ್ನು ಯಾರು ಬೇಕಾದರೂ ವರದಿ ಮಾಡಲು ದೇಶದಲ್ಲಿ ವ್ಯವಸ್ಥೆಯಿದೆ, 1800-180-3024 ಎಂಬ ಉಚಿತ ಸಂಖ್ಯೆಯೂ ಇದೆ. ಅದನ್ನು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿರುವುದನ್ನು ನಾನಂತೂ ಕಂಡಿಲ್ಲ.

ಆಕ್ಸಿಟೋಸಿನ್ ಕಥೆಯೂ ಹೀಗೆಯೇ. ಬಿಸಿಲಲ್ಲಿ, ಕರೆಂಟು ಹೋದ ಫ್ರಿಜ್ಜಿನಲ್ಲಿ ಇಟ್ಟ ಔಷಧ ಬಣ್ಣ ಬದಲಿಸುವುದಿಲ್ಲ, ವಾಸನೆ ಬದಲಿಸುವುದಿಲ್ಲ, ಶಕ್ತಿ ಮಾತ್ರ ಕಳೆದುಕೊಂಡಿರುತ್ತದೆ. ಹಾಲು ಕರೆಯಲು ಎಮ್ಮೆಗೆ ಚುಚ್ಚುವ ದುರ್ಬಳಕೆ ತಡೆಯಬೇಕೆಂದು 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ತಯಾರಿಸುವ ಹಕ್ಕನ್ನು ಸಾರ್ವಜನಿಕ ವಲಯಕ್ಕೆ ಮಾತ್ರ ಸೀಮಿತಗೊಳಿಸಹೊರಟಿತ್ತು. ಆ ಹೊಣೆ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಸಂಸ್ಥೆಯ ಮೇಲೆ ಬೀಳಲಿತ್ತು. ಕೊರತೆಯಾದರೆ ತಾಯಂದಿರ ಗತಿಯೇನು ಎಂಬ ಪ್ರಶ್ನೆ ದೆಹಲಿ ಹೈಕೋರ್ಟಿನವರೆಗೆ ಹೋಗಿ, ಆ ವರ್ಷದ ಡಿಸೆಂಬರಿನಲ್ಲಿ ಆದೇಶ ರದ್ದಾಯಿತು. ಎಮ್ಮೆಯ ಕೊಟ್ಟಿಗೆಯ ಸಮಸ್ಯೆಗೆ ಮಾಡಿದ ಪರಿಹಾರ ಹೆರಿಗೆ ಕೋಣೆಗೆ ಅಪಾಯ ತರಬಹುದು ಎಂದು ಯೋಚಿಸುವುದೂ ಸುರಕ್ಷತೆಯ ಭಾಗವೇ.

ಸಾವು ಸಂಭವಿಸಿದ ಮೇಲೆ ಏನು ಮಾಡುತ್ತೇವೆ ಎಂಬುದರಲ್ಲಿ ಮುಂದಿನ ತಾಯಿಯ ಭವಿಷ್ಯ ಅಡಗಿದೆ. ಬ್ರಿಟನ್ನು 1952ರಿಂದ ಪ್ರತಿ ತಾಯಿಯ ಸಾವನ್ನೂ ಗೋಪ್ಯವಾಗಿ ಪರಿಶೀಲಿಸುತ್ತಾ ಬಂದಿದೆ. ಆಸ್ಪತ್ರೆಯ ಹೆಸರಿಲ್ಲ, ವೈದ್ಯರ ಹೆಸರಿಲ್ಲ. ಎಲ್ಲಿ ತಡವಾಯಿತು, ಏನು ಕಾಣಲಿಲ್ಲ ಎಂಬುದಷ್ಟೇ. ನಮ್ಮ ಪಕ್ಕದ ಕೇರಳದಲ್ಲಿ ಅಲ್ಲಿಯ ಪ್ರಸೂತಿ ತಜ್ಞರ ಸಂಘ 2004ರಲ್ಲಿ ಅದೇ ಮಾದರಿಯ ಪರಿಶೀಲನೆ ಶುರು ಮಾಡಿತು. ರಕ್ತಸ್ರಾವವೇ ಮೊದಲ ಶತ್ರು ಎಂಬುದು ಅಲ್ಲಿ ಕಾಗದದ ಮೇಲೆ ಸ್ಪಷ್ಟವಾಗಿ ಬಂತು, ಅದಕ್ಕೆ ತಕ್ಕ ತರಬೇತಿ ಬಂತು. ನಮ್ಮಲ್ಲೂ ಪ್ರತಿ ಬಾಣಂತಿ ಸಾವಿನ ಪರಿಶೀಲನೆ ಕಡ್ಡಾಯ. ಜಿಲ್ಲಾ ಸಮಿತಿಯ ಮುಂದೆ ಕಡತ ಬರುತ್ತದೆ. ಆದರೆ ಆ ಸಭೆಗೆ ಬರುವ ಸ್ಟಾಫ್ ನರ್ಸ್ ಮುಖದಲ್ಲಿ ಹೆದರಿಕೆಯಿದ್ದರೆ, ಅವಳು ಹೇಳುವುದು ಆದದ್ದನ್ನಲ್ಲ, ತನ್ನನ್ನು ಉಳಿಸುವುದನ್ನು. ಬರೆದಿಟ್ಟ 250 ಮಿಲಿಲೀಟರ್ 250 ಆಗಿಯೇ ಉಳಿಯುತ್ತದೆ. ಹೆದರಿಸಿ ಸತ್ಯ ತೆಗೆಯಲಾಗದು ಎಂಬುದನ್ನು ನಮ್ಮ ಆಡಳಿತ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ಗೊತ್ತಿದ್ದೂ ಕೈಬಿಟ್ಟವನಿಗೆ ಶಿಕ್ಷೆಯಾಗಲಿ. ದಾರಿಯಿಲ್ಲದೆ ಎಡವಿದವಳ ಮಾತನ್ನು ಮೊದಲು ಕೇಳಿಸಿಕೊಳ್ಳಲಿ. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಮಾಡುವುದು ಸಾಧ್ಯ, ಕೇರಳ ಮಾಡಿದೆ.

ಮನೆಯವರಿಗೂ ಇಲ್ಲಿ ಕೆಲಸವಿದೆ. ‘ಕೆಟ್ಟ ರಕ್ತ, ಹೋದಷ್ಟೂ ಒಳ್ಳೇದು’ ಎಂಬ ಹಳೆಯ ಮಾತು ಇನ್ನೂ ಅಲ್ಲಲ್ಲಿ ಬದುಕಿದೆ. ಕೆಟ್ಟ ರಕ್ತವೆಂಬುದಿಲ್ಲ. ಹೆರಿಗೆಯಾಗಿ ವಾರ್ಡಿಗೆ ತಂದ ಮೇಲೂ ಹಾಸಿದ ಬಟ್ಟೆ ಬೇಗ ಬೇಗ ತೊಯ್ದರೆ, ಗಡ್ಡೆಗಡ್ಡೆಯಾಗಿ ಹೋದರೆ, ಬಾಣಂತಿ ಬಾಯಾರಿಕೆ ಎನ್ನುತ್ತಿದ್ದರೆ, ಬೆವರಿ ತಣ್ಣಗಾದರೆ, ‘ಸಿಸ್ಟರಿಗೆ ಎಷ್ಟು ಸಲ ತೊಂದರೆ ಕೊಡೋದು’ ಎಂದು ಸಂಕೋಚಪಡಬೇಕಿಲ್ಲ. ಬಟ್ಟೆಯನ್ನು ಎಸೆಯದೆ ತೋರಿಸಿ. ಗರ್ಭಿಣಿಯಾಗಿದ್ದಾಗಲೇ ಹಿಮೋಗ್ಲೋಬಿನ್ ಎಷ್ಟಿದೆ, ರಕ್ತದ ಗುಂಪು ಯಾವುದು, ಹೋಗುವ ಆಸ್ಪತ್ರೆಯಲ್ಲಿ ರಕ್ತ ಸಂಗ್ರಹವಿದೆಯೇ ಇಲ್ಲವೇ ಎಂದು ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಕ್ಕೆ ಎಲ್ಲಿಗೆ ಬರೆದುಕೊಡುತ್ತಾರೆ, ಅದು ಎಷ್ಟು ದೂರ ಎಂಬುದು ನೋವು ಶುರುವಾದ ಮೇಲೆ ತಿಳಿದು ಪ್ರಯೋಜನವಿಲ್ಲ.

ಕೊನೆಗೆ ಉಳಿಯುವುದು ಅಧಿಕಾರದ ಪ್ರಶ್ನೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ಸ್ಟಾಫ್ ನರ್ಸ್ ಚೀಲದಲ್ಲಿ 500 ನೋಡಿದಳು ಎನ್ನಿ. ಟ್ರಾನೆಕ್ಸಾಮಿಕ್ ಆಸಿಡ್ ಕೊಡಲು ಅವಳಿಗೆ ಬರುತ್ತದೆ. ಕೊಡಬಹುದೇ? ಡಾಕ್ಟರ ಸಹಿ ಇಲ್ಲದೆ ಕೊಟ್ಟು ಏನಾದರೂ ಆದರೆ ಯಾರು ಹೊಣೆ? ಫೋನು ಎತ್ತುವ ತನಕ ಕಾಯಲೇ? ಈ ಲೆಕ್ಕಾಚಾರ ಅವಳ ತಲೆಯಲ್ಲಿ ಓಡುವ ಒಂದೊಂದು ನಿಮಿಷಕ್ಕೂ ಗೆರೆ ಮೇಲೇರುತ್ತಿರುತ್ತದೆ. ಆಫ್ರಿಕಾದ ಆ ಆಸ್ಪತ್ರೆಗಳಲ್ಲಿ ನರ್ಸುಗಳೇ ಶುರು ಮಾಡಿದರು, ಯಾಕೆಂದರೆ ಶುರು ಮಾಡಬಹುದು ಎಂದು ಅವರಿಗೆ ಮೊದಲೇ ಸ್ಪಷ್ಟವಾಗಿ ಹೇಳಲಾಗಿತ್ತು. ನಮ್ಮ ಆರೋಗ್ಯ ಇಲಾಖೆ ಪ್ರತಿ ಹೆರಿಗೆ ಕೋಣೆಗೂ ಗೆರೆಚೀಲದ ಜತೆಗೆ ಅಂಥದೊಂದು ಲಿಖಿತ ಆದೇಶವನ್ನು ಕಳಿಸಬೇಕು: 300ಕ್ಕೆ ಏನು, 500ಕ್ಕೆ ಏನು, ಯಾರನ್ನು ಕರೆಯಬೇಕು, ಅವರು ಎಷ್ಟು ನಿಮಿಷದಲ್ಲಿ ಬರಬೇಕು, ಅವರು ಬರುವ ಮುಂಚೆ ನರ್ಸ್ ತನ್ನ ವಿವೇಕದಿಂದ ಏನೇನು ಕೊಡಬಹುದು. ಕೆಳಗೆ ಇಲಾಖೆಯ ಮುಖ್ಯಸ್ಥರ ಸಹಿಯಿರಬೇಕು, ಟ್ರೇಯ ಪಕ್ಕದ ಗೋಡೆಗೆ ಅದನ್ನು ಕನ್ನಡದಲ್ಲಿ ಅಂಟಿಸಿರಬೇಕು.